ಟೊಳ್ಳು ಕಟ್ಟುವವಳು

ತೂಬಿನಕೆರೆಯ ಶೆಡ್ಡಿನಲ್ಲಿ ನನ್ನ ಕೆಲಸ
ಎಂಜಿನ್ನಿನೊಳಗೆ ಇಲ್ಲದ್ದನ್ನು ಮಾಡುವುದು.

ಇದ್ದದ್ದನ್ನು ಮಾಡುವವರು ಬೇರೆ ಇದ್ದಾರೆ.
ನಾನು ನೀರು ಹರಿಯುವ ಓಣಿಗಳನ್ನು,
ಎಣ್ಣೆ ಏರುವ ಸಂದುಗಳನ್ನು
ಮರಳಲ್ಲಿ ಒತ್ತಿ ಎತ್ತುತ್ತೇನೆ.
ಲೋಹ ಬಂದು ಸುತ್ತ ನಿಲ್ಲಬೇಕು,
ಮರಳು ಉದುರಿ ಹೋಗಬೇಕು,
ಜಾಗ ಉಳಿಯಬೇಕು.
ಅಷ್ಟೇ ಲೆಕ್ಕ.

ಮರಳಿಗೆ ಮರಳು ಅಂಟುವುದಿಲ್ಲವಲ್ಲ,
ಅದಕ್ಕೆ ಕಾಕಂಬಿ.
ಮಂಡ್ಯದ ಕಬ್ಬು ಸಕ್ಕರೆಯಾದ ಮೇಲೆ
ತಳದಲ್ಲಿ ಉಳಿಯುವ ಕಪ್ಪು, ಸೋಮಾರಿ ಪಾಕ.
ಬಾಣಲೆ ಮರಳಿಗೆ ಎರಡು ಸೌಟು.
ಒಲೆಯಲ್ಲಿ ಕೋರು ಬೇಯುವಾಗ
ಇಡೀ ಶೆಡ್ಡು ಆಲೆಮನೆ.
ಹೊಸಬರು ಮೂಗರಳಿಸಿ ಕೇಳುತ್ತಾರೆ,
ಏನಕ್ಕಾ, ಒಬ್ಬಟ್ಟಾ?

ಖಲೀಲ್ ಭಾಯಿ ಕುಲುಮೆಯ ಬಾಯಿ ತೆಗೆದರೆ
ಏಳುನೂರಿಪ್ಪತ್ತು ಡಿಗ್ರಿ.
ಕೆನೆಗಟ್ಟಿದ ಕಿಟ್ಟ ಸರಿಸಿ
ಒಂದೇ ಧಾರೆಯಲ್ಲಿ ಹೊಯ್ಯುತ್ತಾನೆ,
ನಡುವೆ ಕಡಿಯಬಾರದು.
ಆ ಹೊತ್ತು ನಾನು ಅಲ್ಲಿ ನಿಲ್ಲುವುದಿಲ್ಲ.
ಒಳಗೆ ನನ್ನ ಕೋರು ಒಂಟಿ.

ಹೋದ ಆಷಾಢದಲ್ಲಿ ಒಂದು ಬ್ಲಾಕು.
ರೇಸಿನ ಕಾರಿಗೆ, ನಾಲ್ಕು ಸಿಲಿಂಡರು,
ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ತಿರುಗಬೇಕಾದದ್ದು.
ಕಾಯಿಸಿ, ನೀರಿಗದ್ದಿ, ಮತ್ತೆ ಸಣ್ಣಗೆ ಕಾಯಿಸಿ
ಹದಕ್ಕೆ ತಂದಿದ್ದರು.
ಬೋರಲಿಂಗು ಬೋರು ಕೊರೆಯುತ್ತಿದ್ದ
(ಈ ಮಾತಿಗೆ ಅವನ ಅಪ್ಪನಿಂದ ಹಿಡಿದು ಎಲ್ಲರೂ ನಕ್ಕಾಗಿದೆ).
ಮೂರನೆಯದರ ಗೋಡೆಯಲ್ಲಿ
ಸಾಸಿವೆಯಷ್ಟು ತೂತು.

ಟಾರ್ಚು ಹಿಡಿದರು. ಲೆನ್ಸು ಹಿಡಿದರು.
ಯಾರ ಕೋರು?

ಮಳೆಗೆ ಮರಳು ತೇವ ಇತ್ತು.
ಅಂಟುತ್ತಿಲ್ಲವೆಂದು ಅವತ್ತು
ಒಂದು ಸೌಟು ಹೆಚ್ಚು ಸುರಿದಿದ್ದೆ.
ಹೆಚ್ಚಾದ ಸಿಹಿ ಬಿಸಿಗೆ ಹೊಗೆಯಾಗಿ
ಹೋಗಲು ದಾರಿ ಕಾಣದೆ
ಲೋಹದಲ್ಲೊಂದು ಗುಳ್ಳೆಯಾಗಿ ಕೂತಿತ್ತು.
ನಂದೇ, ಅಂದೆ.
ಇಂಜಿನಿಯರು ಚಂದ್ರಪ್ರಭ ಬೈಯಲಿಲ್ಲ,
ಬರೆದುಕೊಂಡಳು.
ಬೈದಿದ್ದರೆ ಚೆನ್ನಾಗಿತ್ತು.

ಗರಗಸ ಹಾಕಿ ತುಂಡು ಮಾಡಿ
ಬ್ಲಾಕು ಮತ್ತೆ ಕುಲುಮೆಗೆ.
ಅಲ್ಯೂಮಿನಿಯಂಗೆ ನೆನಪಿಲ್ಲ ಅಕ್ಕಾ,
ಕರಗಿದ್ರೆ ಆಯ್ತು, ಅಂದ ಖಲೀಲ್ ಭಾಯಿ.
ನನಗಿದೆಯಲ್ಲ.
ಈಗಲೂ ಸೌಟಿನ ಅಂಚನ್ನು ಬೆರಳಲ್ಲಿ ಸವರಿ
ಸಮ ಮಾಡಿಯೇ ಸುರಿಯುತ್ತೇನೆ.

ಎರಡನೆಯದು ತೂತಿಲ್ಲದೆ ಬಂತು.
ಬೋರಲಿಂಗು ಒಳಗೋಡೆಗೆ ಓರೆಗೆರೆ ಎಳೆದ,
ಅಡ್ಡಡ್ಡ, ಚಾಪೆ ಹೆಣೆದ ಹಾಗೆ,
ಎಣ್ಣೆ ಹಿಡಿದು ನಿಲ್ಲಲಿ ಅಂತ.
ಗಾಜಿನ ಕೋಣೆಯಲ್ಲಿ ಯಲಿಯೂರಿನ ವನಜಾಕ್ಷಿ
ಬಳೆ ತೆಗೆದಿಟ್ಟು, ತಲೆಗೆ ಟೋಪಿ ಹಾಕಿ
ಪಿಸ್ಟನ್ನಿಗೆ ಉಂಗುರ ತೊಡಿಸಿದಳು.
ಗೋಡೆಗೂ ಪಿಸ್ಟನ್ನಿಗೂ ನಡುವೆ
ಒಂದು ಕೂದಲೂ ಹಿಡಿಸದಷ್ಟು ಬಿಡುವು.
ಬೋಲ್ಟು ಬಿಗಿಯುವಾಗ ಪಾನಾ ಟಿಕ್ ಅಂದರೆ
ಅಲ್ಲಿಗೆ ನಿಲ್ಲಿಸಬೇಕು.
ನಿಲ್ಲಿಸುತ್ತಾಳೆ.
ಗಂಡನ ವಿಷಯದಲ್ಲೂ ಹಾಗೇ ನಿಲ್ಲಿಸಿದವಳು ಅವಳು.

ಓಡಿಸಿ ನೋಡುವ ದಿನ ನನ್ನನ್ನೂ ಕರೆದರು.
ಕಿವಿಗೆ ಮುಚ್ಚಳ. ಗಾಜಿನಾಚೆ ಎಂಜಿನ್,
ಚಕ್ರವಿಲ್ಲ, ರಸ್ತೆಯಿಲ್ಲ,
ಗೂಟಕ್ಕೆ ಕಟ್ಟಿದ ಹೋರಿ.
ಐದು ಸಾವಿರ. ಏಳು. ಒಂಬತ್ತು.
ಹೊಗೆ ಕೊಳವೆ ಕೆಂಪಗೆ ಕಾದಿತು.
ಎಲ್ಲರೂ ಕುದುರೆಶಕ್ತಿಯ ಮುಳ್ಳು ನೋಡುತ್ತಿದ್ದರು,
ನಾನು ನೀರಿನ ಮುಳ್ಳು.
ತೊಂಬತ್ತಕ್ಕೆ ಏರಿ
ಅಲ್ಲೇ ನಿಂತಿತು.

ಬೆಂಕಿಯಿಂದ ಬೆರಳಗಲ ಆಚೆ,
ಯಾರೂ ಕಾಣದ ಕತ್ತಲಲ್ಲಿ
ನನ್ನ ಓಣಿಗಳಲ್ಲಿ ನೀರು ತಿರುಗುತ್ತಿತ್ತು.

ಸಂಜೆ ಬಸ್ಸು ಹತ್ತಿ ಮನೆಗೆ ಬಂದೆ.
ಕೆಲಸದ ಅಂಗಿ ಗೂಟಕ್ಕೆ ಹಾಕಿ ಮಲಗಿದೆ.
ಬೆಳಿಗ್ಗೆ ಎದ್ದು ನೋಡಿದರೆ
ಗೋಡೆಯಿಂದ ಇಳಿದು ಬಂದ ಇರುವೆ ಸಾಲು
ತೋಳಿನ ಒಳಗೆ ಹೋಗುತ್ತಿತ್ತು,
ದಾರಿ ಗೊತ್ತಿದ್ದ ಹಾಗೆ.