ಎತ್ವ

ಹೊಸ ಬೋರ್ಡು ಲಾರಿಯಲ್ಲಿ ಬಂದದ್ದು. ದೂರದ ಯಾವುದೋ
ಕಂಪ್ಯೂಟರು ಕತ್ತರಿಸಿದ ಅಕ್ಷರ, ಅಂಟಿಸಿದ್ದು.
ಹಳದಿ ಮಾತ್ರ ಅದೇ ಹಳದಿ.
ಮಲಯಾಳ ಸರಿ, ಹಿಂದಿ ಸರಿ, ಇಂಗ್ಲಿಷಿಗೆ ಎಂತ ಆಗಲಿಕ್ಕುಂಟು.
ಕನ್ನಡದಲ್ಲಿ ನಮ್ಮೂರು
ತರಕಾರಿ ಆಗಿತ್ತು:
ಕುಂಬಳ.

ಹದಿನೇಳು ದಿನ ಯಾರೂ ಏನೂ ಹೇಳಲಿಲ್ಲ.
ಹದಿನೆಂಟನೆಯ ದಿನ ನಾನು ಹೋದೆ,
ಹಳೆ ಬೋರ್ಡು ಬರೆದ ಐತಪ್ಪ ನಾನೇ ಅಂತ ಹೇಳಿಕೊಂಡು.
ಸ್ಟೇಷನ್ ಮಾಸ್ಟರು ಬೆಹೆರಾ ಮೇಡಂ, ಒಡಿಶಾದವರು,
ಎರಡನ್ನೂ ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದರು.
"ಇಷ್ಟೇನಾ?"
"ಇಷ್ಟೇ. ಕೊಕ್ಕೆ ಇಲ್ಲದಿದ್ದರೆ ಸಾಂಬಾರಿಗೆ ಹಾಕುವುದು,
ಇದ್ದರೆ ನಾವು ಇರುವುದು."
ನಕ್ಕರು. ಕಾಗದ ಬೇಡ, ಬಿಲ್ಲು ಬೇಡ,
ಬೆಳಗ್ಗೆ ಬೇಗ ಬಂದು ಮುಗಿಸಿಬಿಡಿ ಅಂದರು.

ಏಣಿ ಹಿಡಿಯಲಿಕ್ಕೆ ಮೊಯ್ದು.
ಮಲಯಾಳದ ಸಾಲು ಮೊದಲು ಅವನದು, ಕನ್ನಡದ್ದು ನನ್ನದು,
ಹಿಂದಿಯನ್ನು ಇಬ್ಬರೂ ನೋಡಿ ನೋಡಿ
ಚಿತ್ರದ ಹಾಗೆ ಬಿಡಿಸುತ್ತಿದ್ದೆವು.
"ನಮ್ಮ ಸಾಲಲ್ಲಿ ಯಾವಾಗಲೂ ಕುಂಬಳವೇ,
ಊರಿಗೆ ಎಂತಾಯಿತು ಮಾರಾಯ?" ಅಂದ.
ಏಣಿಯನ್ನು ಮಾತ್ರ ಗಟ್ಟಿ ಹಿಡಿದ.

ಬದಿಯ ಹಳಿಯಲ್ಲಿ ಪ್ಯಾಸೆಂಜರು ನಿಂತಿತ್ತು.
ದೊಡ್ಡವರು ಬರುವಾಗ ದಾರಿ ಬಿಟ್ಟು
ಚರಂಡಿ ಕಡೆ ಸರಿದ ಹಾಗೆ, ಇಪ್ಪತ್ತು ನಿಮಿಷದಿಂದ.
ಒಳಗೆ ಕಾಸರಗೋಡಿನ ಕೋರ್ಟಿಗೆ ಹೊರಟವರು,
ಪ್ಲಾಸ್ಟಿಕ್ ತೊಟ್ಟೆಯಲ್ಲಿ ಜಾಗದ ಕಾಗದ,
ಬಸಳೆಯ ಕಟ್ಟು,
ಬಾಯಿ ತೆರೆದು ನಿದ್ದೆಹೋದ ನರ್ಸಿಂಗ್ ಹುಡುಗಿಯರು.

ಬರುವುದು ಕಿವಿಗಿಂತ ಮೊದಲು ಏಣಿಯ ಕಾಲಿಗೆ ಗೊತ್ತಾಯಿತು.
"ಇಳೀರಿ!" ಬಾವುಟ ಹಿಡಿದೇ ಮೇಡಂ ಕೂಗಿದರು.
ಎತ್ವ ಆಗಲೇ ಳಕಾರದ ತಲೆಗೆ ಏರಿತ್ತು,
ತುದಿ ಮಾತ್ರ ಬಾಕಿ.
ತುದಿ ಬಿಟ್ಟು ಇಳಿಯುವ ಚಾಳಿ ನನಗಿಲ್ಲ.

ವಂದೇ ಭಾರತ.
ಮೊದಲು ಕೇಸರಿ, ಆಮೇಲೆ ಉದ್ದಕ್ಕೂ ಒಂದೇ ಕಪ್ಪು ಗಾಜು,
ಅದರೊಳಗೆ ಯಾರದೋ ಬಾಯಿಗೆ ಎತ್ತಿದ ಚಮಚ,
ಚಮಚ ಬಾಯಿ ಮುಟ್ಟಿತೋ ಇಲ್ಲವೋ
ಸದ್ದು ಮೊಗ್ರಾಲ್ ಸಂಕದ ಮೇಲೆ.
ಅವರಿಗೆ ನಾವು ಒಂದು ಹಳದಿ ಗೀಟು ಇದ್ದೀತು.
ನಾಲ್ಕು ಲಿಪಿಗೂ ಸೇರಿ ಒಂದೇ ಗೀಟು.

ಗಾಳಿ ಹೊಡೆದದ್ದಕ್ಕೆ ಮೊಯ್ದುವಿನ ಟೊಪ್ಪಿ ಹಾರಿತು.
ನನ್ನ ಕೈ ಬಲಕ್ಕೆ ಜಾರಿತು, ಕೈಯ ಹಿಂದೆ ಕುಂಚ.
ಇಳಿದು ನೋಡುತ್ತೇನೆ,
ಳೆಯ ಪಕ್ಕ ಸುರುಳಿ ಸುತ್ತಿದ ಒಂದು ಬಾಲ,
ನಾನು ಬರೆದರೂ ಅಷ್ಟು ಚಂದ ಬರಲಿಕ್ಕಿಲ್ಲ.
ದೀರ್ಘ.
ಶಾಲೆಯಲ್ಲಿ ನಮಗೆ ರಾಗ ಎಳೆದು ಹೇಳಿಸುತ್ತಿದ್ದರು:
ಳಕ್ಕೆ ಎತ್ವ ಕೊಟ್ಟರೆ ಳೆ,
ಎತ್ವಕ್ಕೆ ದೀರ್ಘ ಕೊಟ್ಟರೆ ಳೇ.
ಗಾಳಿಗೂ ಯಾರೋ ಹೇಳಿಸಿರಬೇಕು.

ಪ್ಯಾಸೆಂಜರಿಗೆ ಇನ್ನೂ ಹಸಿರು ಬಿದ್ದಿರಲಿಲ್ಲ.
ಕಿಟಕಿಯ ಸರಳಿಗೆ ಹಣೆ ಒತ್ತಿ ಒಬ್ಬ ಹುಡುಗ
ಹಲ್ಲು ಬಿದ್ದ ಜಾಗದಿಂದ ಉಸಿರು ಬಿಡುತ್ತ
ಓದಿದ, ಒಂದೊಂದೇ.
ಕುಂ.
ಬ.
ಳೇ...
ಗದ್ದೆಯ ಆಚೆ ಬದಿಯಲ್ಲಿರುವವಳನ್ನು
ಗಂಜಿಗೆ ಕರೆಯುವ ಹಾಗೆ.
ಇನ್ನೊಮ್ಮೆ ಓದಿದ, ಮೊದಲಿಗಿಂತ ಉದ್ದಕ್ಕೆ.
ಅವನ ಅಮ್ಮ ತಿರುಗಿ ಹೊರಗೆ ನೋಡಿದಳು,
ಯಾರನ್ನು ಕರೆಯುವುದು ಅಂತ.

ಮೇಡಂ ಬಂದರು. ಬೈದು ಮುಗಿಸಿ ತಲೆ ಎತ್ತಿದರು.
ಬೆರಳು ಗಾಳಿಯಲ್ಲಿ ಬರೆಯುತ್ತ ಹೋಗಿ
ಕೊನೆಗೆ ಸಿಕ್ಕಿಕೊಂಡಿತು.
"ಇದು ಹೆಚ್ಚಾಯಿತಲ್ಲ?"

ಸೀಮೆಎಣ್ಣೆಯ ಬಟ್ಟೆ ನನ್ನ ಕೈಯಲ್ಲೇ ಇತ್ತು.
ಹಸಿ ಇರುವಾಗ ಒಂದು ಸಲ ಉಜ್ಜಿದರೆ ಸಾಕು.
ಒಣಗಿದ ಮೇಲೆ ಹೋಗುವ ಬಣ್ಣ ಅಲ್ಲ ಅದು.
ಮೊಯ್ದು ಟೊಪ್ಪಿಯ ಜಲ್ಲಿಹುಡಿ ಕೊಡವುತ್ತ
ನನ್ನ ಮುಖ ನೋಡಿದ, ಅವನಿಗೂ ಗೊತ್ತು.

"ಒಣಗಲಿ ಮೇಡಂ," ಅಂದೆ.
"ಮತ್ತೆ ನೋಡುವ."