ಅರವತ್ತೊಂದನೆಯ ತಲೆಮಾರು

ಗಂಗಾವತಿ. ಅಕ್ಕಿ ಗಿರಣಿಯ ಮೇಲಿನ ಕೋಣೆ.
ತೌಡಿನ ಧೂಳು ಕೀಲಿಮಣೆಯ ಸಂದಿಗೂ ಇಳಿದು
'ಅ' ಒತ್ತಿದರೆ ಎರಡು ಸಲ ಬೀಳುತ್ತದೆ.

ಹುಡುಕುವವನು ಬರೆಯುತ್ತಾನೆ: ಭತ್ತದ ಎಲಿ ತುದಿ ಕೆಂಪಾಗ್ಯಾವ.
ಒಂಬತ್ತು ಸಾವಿರ ಪುಟಗಳಲ್ಲಿ
ಯಾವುದು ಮೊದಲು ಬರಬೇಕು?
ಪದ ಎಷ್ಟು ಸಲ ಬಂತು, ತಲೆಬರಹದಲ್ಲಿತ್ತೆ,
ಪುಟಕ್ಕೆ ವಯಸ್ಸೆಷ್ಟು, ಉದ್ದವೆಷ್ಟು,
ಬೇರೆ ಎಷ್ಟು ಪುಟ ಅದರತ್ತ ಬೆರಳು ತೋರಿದವು.
ಯಾವುದಕ್ಕೆ ಎಷ್ಟು ತೂಕ, ನನಗೆ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೇ ನಲವತ್ತು ಊಹೆ ಹುಟ್ಟಿಸಿದೆ,
ಒಂದೊಂದೂ ಬರೀ ಐದು ಅಂಕಿಯ ಸಾಲು,
ಕಣ್ಣಿಲ್ಲ, ಬಾಯಿಲ್ಲ.

ದಿನಾ ಸಂಜೆ ಅವು ತಮ್ಮ ತಮ್ಮ ಪಟ್ಟಿ ತಂದು ಒಪ್ಪಿಸುತ್ತವೆ.
ಅಂಕ ಹಾಕುವವಳು ಮೌಲಾಬಿ.

ಏಳನೇ ತರಗತಿವರೆಗೆ ಓದಿದವಳು.
ಕುಷ್ಟಗಿ ಕಡೆಯ ಬೀಜದ ಪ್ಲಾಟುಗಳಲ್ಲಿ
ಹತ್ತೊಂಬತ್ತು ವರ್ಷ ಕ್ರಾಸಿಂಗ್ ಮಾಡಿದ ಕೈ:
ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು,
ಮುಂಜಾನೆ ಬೇರೆ ಸಾಲಿನ ಹೂ ತಂದು ಸವರಿ,
ಕೆಂಪು ದಾರ ಕಟ್ಟಿ, ಮುಂದಿನ ಗಿಡಕ್ಕೆ.
ನನ್ನ ಕೆಲಸ ಬಿಡಿಸಿ ಹೇಳಿದಾಗ
ಅವಳಿಗೆ ಹೊಸದೇನೂ ಅನಿಸಲಿಲ್ಲ.
"ಹಿಂದಿನ ಇಪ್ಪತ್ತು ಕಿತ್ತು ಒಗೀತಿ, ಮುಂದಿನವಕ್ಕ ಗಂಟು ಹಾಕ್ತಿ.
ನಡುನಡುವೆ ಒಂದು ಅಂಕಿ ಬೇಕಂತ ಕೆಡಸ್ತಿ. ಅದ್ಯಾಕ?"
ಕೆಡಸದಿದ್ರ ಎಲ್ಲಾ ಒಂದ ಮಾರಿ ಆಗತಾವ, ಅಂದೆ.
"ಹಾಂ. ನಾವು ಜೇನ್ನೊಣಕ್ಕ ಬೈತಿದ್ವಿ,
ನೀ ಕರದು ಕುಂದರಿಸ್ತಿ."

ಹತ್ತನೆಯ ತಲೆಮಾರಿಗೆ ಗೊಬ್ಬರದ ಜಾಹೀರಾತು ಕೆಳಗಿಳಿಯಿತು.
ಮೂವತ್ತಕ್ಕೆ ಮೆಣಸಿನಕಾಯಿ ಪುಟಗಳು ಭತ್ತದ ದಾರಿ ಬಿಟ್ಟವು.
ಅರವತ್ತೊಂದಕ್ಕೆ ನೂರಕ್ಕೆ ತೊಂಬತ್ತಾರು.
ಮಿರ್ಚಿ ತರಿಸಿದೆ.

ಆಮೇಲೆ ಸುಮ್ಮನೆ ಗೆದ್ದ ಸಾಲಿನೊಳಗೆ ಇಣುಕಿದೆ:
ಪದಕ್ಕೆ ಚೂರು ತೂಕ, ವಯಸ್ಸಿಗೆ ಸೊನ್ನೆ,
ಉಳಿದದ್ದೆಲ್ಲ ಒಂದರ ಮೇಲೆಯೇ,
ಪುಟ ಗಿಡ್ಡ ಇರಬೇಕು.
ಎಲ್ಲಕ್ಕಿಂತ ಮೇಲೆ ಕುಳಿತ ಪುಟದಲ್ಲಿ ಎರಡೇ ವಾಕ್ಯ:
ಎಲೆ ಕೆಂಪಾಗಿದೆಯೇ? ಕಚೇರಿಯನ್ನು ಸಂಪರ್ಕಿಸಿ.

ಮೌಲಾಬಿ ಬೆರಳಿನ ಎಣ್ಣೆ ಸೆರಗಿಗೆ ಒರೆಸಿಕೊಂಡಳು.
"ಉದ್ದನ್ನವು ನನಗ ಕಾಣೂದಿಲ್ಲ ತಮ್ಮಾ.
ಸಣ್ಣ ಅಕ್ಷರ, ಹೊಗಿ ಹಿಡದಂಗ.
ಹೇಳಿದ್ರ ಕೆಲಸ ಹೋಗತೈತಿ ಅಂತ
ಓದಾಕ ಬಂದಷ್ಟಕ್ಕ ಛಲೋ ಅಂತ ಒತ್ತಿದೆ."

ನನಗೆ ಗೊತ್ತಿರಲಿಲ್ಲ. ಅವಳ ಮಗಳಿಗೂ.
ಆ ಕಣ್ಣಿಲ್ಲದ ಅಂಕಿಗಳು
ರಾತ್ರಿಗೊಂದು ತಲೆಮಾರು ಸತ್ತು ಹುಟ್ಟಿ
ಎರಡು ತಿಂಗಳಿಂದ ಓದುತ್ತ ಬಂದದ್ದು
ಭತ್ತವನ್ನಲ್ಲ, ರೋಗವನ್ನಲ್ಲ,
ಅವಳ ಕಣ್ಣಿನ ಪೊರೆಯನ್ನು.

ಕೊಪ್ಪಳದಲ್ಲಿ ಆಪರೇಷನ್ ಆಯಿತು.
ಕಪ್ಪು ಕನ್ನಡಕದಲ್ಲೇ ಬಂದು ಕುಂತಳು.
ಎಲ್ಲಾ ಅಳಸಿಬಿಡ್ಲೇನು? ಕೇಳಿದೆ.
"ಬೀಜಕ್ಕಂತ ಎರಡು ಇಟ್ಕೋ. ನನ್ನಂಥಾರೂ ಹುಡುಕ್ತಾರ."

ಮೊದಲ ಪಟ್ಟಿ ತೆರೆದೆ. ಮೇಲಿನ ಪುಟ ಉದ್ದನೆಯದು.
ಪರದೆಯ ಮೇಲೆ ಬೆರಳಿಟ್ಟು
ಒಂದೊಂದೇ ಅಕ್ಷರ ಓದತೊಡಗಿದಳು.
ಕೆಳಗೆ ಗಿರಣಿ ಶುರುವಾಯಿತು.