ಇಪ್ಪತ್ತೇಳನೇ ನಂಬರಿನ ಗುದ್ದಲಿ

ಮಿಲ್ಲು ಬಾಗಿಲು ಹಾಕಿದ ವರ್ಷ
ಬೆಂಗಳೂರಿನ ಗಲ್ಲಿಗಳಿಂದ ನಲವತ್ತು ಸಂಸಾರ
ಕುಂಸಿ ಸ್ಟೇಷನ್ನಿನಲ್ಲಿ ಇಳಿದವಂತೆ.
ಅಮಲ್ದಾರರು ಮೇಜು ಹಾಕಿಸಿ ಕೂತಿದ್ದರು:
ಸಂಸಾರಕ್ಕೆ ಎರಡೆಕರೆ, ನಂಬರು ಕೊರೆದ ಗುದ್ದಲಿ,
ಮೂರು ಮನೆಗೊಂದು ಲಾಟೀನು,
ಪೊಟ್ಟಣದಲ್ಲಿ ಕ್ವಿನೈನು.
ಊರು ಬಿಟ್ಟರೆ ಗುದ್ದಲಿ ವಾಪಸ್ಸು
ಎಂಬ ಕಾಗದಕ್ಕೆ ಹೆಬ್ಬೆಟ್ಟು.

ಕಡತದಲ್ಲಿ ಅದು ಶ್ರಮಜೀವಿ ವಸಾಹತು.
ಬಾಯಲ್ಲಿ ನಂಬರ್ ಕ್ಯಾಂಪು.

ನಮ್ಮಜ್ಜಿ ಚೆಲುವಮ್ಮನದು ಇಪ್ಪತ್ತೇಳು.
ಗಂಡನಿಲ್ಲದವಳಿಗೆ ನೆಲ ಹ್ಯಾಗೆ ಕೊಡೋದು ಅಂದರಂತೆ.
ಮಿಲ್ಲಲ್ಲಿ ನೂಲು ಹರಿದಾಗ
ಗಂಡ ಬಂದು ಗಂಟು ಹಾಕ್ತಿದ್ನಾ ಅಂದಳಂತೆ.
(ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದಳು.
ಗುದ್ದಲಿ ಮಾತ್ರ ಅದೇ.)

ಹತ್ತಿಯ ಧೂಳು ಕುಡಿದ ಎದೆಗಳಿಗೆ
ಹತ್ತಿ ಗಿಡದಲ್ಲೋ ಬಳ್ಳಿಯಲ್ಲೋ ತಿಳಿಯದು.
ಲಾಜರ ಭತ್ತ ಕಿತ್ತೆಸೆದು ಕಳೆ ಉಳಿಸಿದ.
ಕ್ಯಾಂಟೀನಿನ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ದಸ್ತಗೀರ
ಎತ್ತಿನ ಹಿಂದೆ ನಿಂತು, ಸಂತೆಯಲ್ಲೆಂಬಂತೆ,
ಸ್ವಲ್ಪ ಸರೀರಿ ಸ್ವಾಮಿ, ಎನ್ನುತ್ತಿದ್ದ.
ಪಕ್ಕದ ಹಳ್ಳಿಯವರು ಬೇಲಿಯಾಚೆ ನಿಂತು ನಕ್ಕರು.
ಆಮೇಲೆ ಬೇಲಿ ದಾಟಿ, ನಗುತ್ತಲೇ,
ಸಸಿ ಹಿಡಿಯುವ ಬೆರಳು ತೋರಿಸಿದರು.

ಬೆಳಗಿನ ಜಾವ ಮಾತ್ರ ಯಾರೂ ಕಲಿಸಲಿಲ್ಲ.
ಸೈರನ್ನಿಲ್ಲದೆ ಏಳಲು ಬಾರದು;
ಕೋಳಿ ಕೂಗಿದರೆ
ಅದು ಕೋಳಿಯ ಕೆಲಸ ಎಂದು ಮಗ್ಗುಲಾದರು.
ಕೊನೆಗೆ ಲಾಜರ ರೈಲಿನ ಹಳೇ ಕಂಬಿಯ ತುಂಡು
ಹೊತ್ತು ತಂದು ಮತ್ತಿ ಮರಕ್ಕೆ ತೂಗಿಸಿ
ಐದಕ್ಕೆ ಸರಿಯಾಗಿ ಬಡಿದ.
ನಲವತ್ತು ಬಾಗಿಲು ಒಟ್ಟಿಗೆ ತೆರೆದವು,
ಗೇಟೇ ಇಲ್ಲದ ಬಯಲಿಗೆ.

ಮೊದಲ ಮಳೆಗಾಲ. ಚಳಿಜ್ವರ.
ಹನ್ನೊಂದು ಗುದ್ದಲಿ ವಾಪಸ್ಸು.
ಗುಮಾಸ್ತನ ಷರಾ, ಹನ್ನೊಂದಕ್ಕೂ ಒಂದೇ:
ಊರು ಬಿಟ್ಟಿದ್ದಾರೆ.
ಅದರಲ್ಲಿ ಲಾಜರನದೂ ಒಂದು.
ಮಾರನೆಯ ದಿನ ಕಂಬಿ ಬಡಿದದ್ದು ಯಾರೆಂದು
ಅಜ್ಜಿ ಹೇಳುತ್ತಿರಲಿಲ್ಲ.
ಅವಳ ಬಲಗೈ ತೋಳು ಸ್ವಲ್ಪ ದಪ್ಪ.

ಮೊನ್ನೆ ಹೋಗಿದ್ದೆ.
ಮತ್ತಿ ಮರ ಬೆಳೆಯುತ್ತ ಬೆಳೆಯುತ್ತ
ಕಂಬಿಯನ್ನು ತನ್ನೊಳಗೆ ಎಳೆದುಕೊಂಡಿದೆ.
ಗೇಣುದ್ದ ಆಚೆಗಿದೆ, ಕಲ್ಲಲ್ಲಿ ತಟ್ಟಿದೆ,
ಸದ್ದು ಬರಲಿಲ್ಲ.

ಗುದ್ದಲಿ ನನ್ನ ಹತ್ತಿರವಿದೆ, ಯಾರೂ ಕೇಳಿಲ್ಲ.
ಕಮ್ಮಾರ ಮೂರು ಸಲ ಕಾಸಿ ಬಡಿದದ್ದರಲ್ಲಿ
ಎರಡು ಅಳಿಸಿ
ಏಳು ಉಳಿದಿದೆ.
ದಿನಾ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ:
ಏಳು.